ಗಾಯರಾಣದ ಗಡಿಕಲ್ಲು

ನಾನು ಒಂದು ಕಲ್ಲು. ಈಗ ನನ್ನನ್ನು ಅವ್ವ ಎನ್ನುತ್ತಾರೆ. ಅವ್ವ ಎಂದು ಕರೆಸಿಕೊಂಡ ಮೇಲೆ, ನಾನು ಬರೀ ಕಲ್ಲು ಎಂದು ಹೇಳಿಕೊಳ್ಳುವುದು ತುಸು ಕಷ್ಟ. ಆದರೂ ಹೇಳಬೇಕಾದದ್ದು ಅದೇ.

ಬಸರಿಗಟ್ಟಿ ಊರಿನ ಉತ್ತರಕ್ಕೆ ಒಂದು ಬೋಳು ಗುಡ್ಡವಿದೆ. ಅದರ ಹೊಟ್ಟೆಯಲ್ಲಿ ನಾನು ಎಷ್ಟು ಕಾಲ ಮಲಗಿದ್ದೆನೋ ಶಿವನಿಗೇ ಗೊತ್ತು. ಕಲ್ಲು ಒಡೆಯುವ ತಿಪ್ಪಣ್ಣ ಒಂದು ಮುಂಜಾನೆ ಗುಡ್ಡಕ್ಕೆ ಕೈಮುಗಿದು, ಸಾಲಾಗಿ ಕುಳಿ ತೆಗೆದು, ಕುಳಿಗೊಂದರಂತೆ ಬೆಣೆ ಇಟ್ಟು ಬಡಿದ. ಬಂಡೆ ನಿಟ್ಟುಸಿರು ಬಿಟ್ಟಂತೆ ಸದ್ದು ಮಾಡಿ ಸೀಳಿತು. ಬಿಸಿಲು ಎಂದರೇನೆಂದು ನನಗೆ ತಿಳಿದದ್ದು ಆಗ.

ಒಂದೇ ಬಂಡೆಯ ಮಕ್ಕಳು ನಾವು ಬಹಳ ಮಂದಿ. ಒಬ್ಬ ಯಾರದೋ ಮನೆಯ ಮೆಟ್ಟಿಲಾದ, ಒಬ್ಬಳು ರುಬ್ಬುವ ಕಲ್ಲಾದಳು. ಉದ್ದಕ್ಕೆ ಸೀಳಿಕೊಂಡ ನಮ್ಮನ್ನು ಪುರಸಭೆಗೆಂದು ಬೇರೆ ಇಟ್ಟರು. ನನ್ನ ನೆತ್ತಿಯನ್ನು ಹಸನು ಮಾಡುತ್ತಿದ್ದಾಗ ತಿಪ್ಪಣ್ಣನಿಗೆ ಕೆಮ್ಮು ಬಂದು ಉಳಿ ಜಾರಿತು. ಮೇಲ್ಭಾಗದಲ್ಲಿ ಗುಂಡಗೆ ಒಂದು ಚಕ್ಕೆ ಎದ್ದುಹೋಯಿತು.

ಪಕ್ಕದಲ್ಲಿ ಜಲ್ಲಿ ಒಡೆಯುತ್ತಿದ್ದ ಅವನ ಹೆಂಡತಿ ದುರ್ಗವ್ವ ನೋಡಿ ನಕ್ಕಳು. "ಕಣ್ಣ ತಗದೀ ನೋಡ ಇದಕ್ಕ. ಇನ್ನ ನಿನ್ನ ಮ್ಯಾಲ ಕಣ್ಣ ಇಡತೈತಿ."

"ನಿನ್ನ ಮ್ಯಾಲ ಇಡ್ಲಿ. ನಾ ಇಲ್ದಾಗ ಎಷ್ಟ ಕಲ್ಲ ಒಡದೀ, ಎಷ್ಟ ಹೊತ್ತ ಕುಂತೀ, ನನಗ ಹೇಳೀತು."

"ಹೇಳ್ಲೇಳು. ನಿನ್ನ ಕೆಮ್ಮಿನ ಸುದ್ದೀನೂ ನನಗ ಹೇಳತೈತಿ."

ಆಕೆ ಅಂಗೈಯಿಂದ ಆ ಕುಳಿಯ ಧೂಳು ಒರೆಸಿದಳು. ನನ್ನನ್ನು ಮೊದಲು ಮುಟ್ಟಿ ಸವರಿದ ಕೈ ಅದು. ಬಹಳ ಒರಟಾಗಿತ್ತು, ಬಹಳ ಬೆಚ್ಚಗಿತ್ತು.

ಪುರಸಭೆಯ ಹಿತ್ತಲಲ್ಲಿ ನಮಗೆ ಸುಣ್ಣದಂಥ ಬಿಳಿ ಬಣ್ಣ ಬಳಿದರು. ಎದೆಯ ಮೇಲೆ ಹಸಿರು ಬಣ್ಣದಲ್ಲಿ 'ಉದ್ಯಾನ' ಎಂದು ಬರೆದರು. ಬರೆಯುವವನು ಕುಂಚ ಎತ್ತಿಹಿಡಿದು, "ಎಲ್ಲೈತ್ರೀ ಇದು ಉದ್ಯಾನ? ನಾ ಒಂದಿನಾನೂ ನೋಡಿಲ್ಲ" ಎಂದು ಕೇಳಿದ. ಜವಾನ ಮಾಬೂಸಾಬ, "ಮೊದ್ಲ ಹೆಸರಿಡೂದು, ಆಮ್ಯಾಲ ಹಡಿಯೂದು. ನೀ ಬರಿ" ಎಂದ.

ಆ ಉದ್ಯಾನವನ್ನು ಮನಸ್ಸಿನಲ್ಲಿ ಹೊತ್ತು ತಿರುಗುತ್ತಿದ್ದವರು ಚನ್ನವೀರಯ್ಯ ಓಲೇಮಠರು. ಬಸರಿಗಟ್ಟಿ ಮುಂದೆ ಹೇಗೆ ಬೆಳೆಯಬೇಕು, ಬೀದಿ ಎಲ್ಲಿ, ಸಂತೆ ಎಲ್ಲಿ, ಮನೆ ಎಲ್ಲಿ ಎಂದು ನಕ್ಷೆ ಬರೆಯಲು ಸರ್ಕಾರ ಕಳಿಸಿದ ಅಧಿಕಾರಿ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ಮಾತು ಕಡಿಮೆ. ಊರವರು ನಕಾಶಿ ಸಾಹೇಬ್ರು ಎನ್ನುತ್ತಿದ್ದರು.

ನಮ್ಮನ್ನು ಚಕ್ಕಡಿಯಲ್ಲಿ ಹೇರಿ ಊರಾಚೆಯ ಗಾಯರಾಣಕ್ಕೆ ಒಯ್ದರು. ಗಾಯರಾಣವೆಂದರೆ ಊರ ದನಗಳೆಲ್ಲ ಮೇಯಲು ಬಿಟ್ಟ ಬಯಲು; ಯಾರದೂ ಅಲ್ಲ, ಎಲ್ಲರದೂ ಹೌದು. ಓಲೇಮಠರು ಜೀಪಿನ ಮೂತಿಯ ಮೇಲೆ ನಕ್ಷೆ ಬಿಡಿಸಿ, ನಾಲ್ಕೂ ಮೂಲೆಗೆ ಕಲ್ಲಿಟ್ಟರು. ಹಳದಿ, ಕೆಂಪು, ನೀಲಿ ಬಣ್ಣಗಳ ನಡುವೆ ಅಂಗೈಯಗಲ ಹಸಿರು. ಆಡು ಕುರಿ ಮೇಯಲು ಬಿಟ್ಟು ಬಂದ ಯಂಕಪ್ಪನೂ ಇನ್ನು ನಾಲ್ಕಾರು ಮಂದಿಯೂ ಬಗ್ಗಿ ನೋಡಿದರು.

"ಊರು ಇಲ್ಲೀತನಕ ಬರ್ತದ," ಎಂದರು ಓಲೇಮಠರು.

"ಯಾವಾಗ್ರೀ?"

"ನಮ್ಮ ಮೊಮ್ಮಕ್ಕಳ ಕಾಲಕ್ಕ."

ಯಂಕಪ್ಪ ಸುತ್ತ ನೋಡಿದ. "ಸಾಹೇಬ್ರ, ಇಲ್ಲಿ ನರಿ ಸೈತ ಒಂಟಿ ಬರೂದಿಲ್ರೀ, ಅಂಜಿಕೊಂಡು ಜೋಡಿ ಕರಕೊಂಡ ಬರತೈತಿ. ಊರು ಬರತೈತಿ ಅಂತೀರಲ್ಲ."

"ಬರ್ತದಪ್ಪ. ಬಂದಾಗ ಅದಕ್ಕ ಕೂಡ್ಲಿಕ್ಕೆ ನೆಳ್ಳು ಬೇಕಲ್ಲ? ಅವತ್ತ ಗಿಡಾ ಹಚ್ಚಿದ್ರ ಅವತ್ತ ನೆಳ್ಳು ಬೀಳೂದಿಲ್ಲ. ಇವತ್ತ ಹಚ್ಚಿಡಬೇಕು."

"ನಾವು ನೋಡೂದಿಲ್ಲನ್ನಿ."

"ನಾನೂ ನೋಡೂದಿಲ್ಲ," ಎಂದರು ಓಲೇಮಠರು, ಬೇಸರವೇನೂ ಇಲ್ಲದೆ.

ಬಯಲಿನ ಸುತ್ತ ನಮ್ಮನ್ನು ನೆಟ್ಟರು. ನನ್ನ ಪಾಲಿಗೆ ಬಂದದ್ದು ಊರ ಕಡೆಯ ಅಂಚು. ಅರ್ಧ ಮೈ ಮಣ್ಣೊಳಗೆ, ಅರ್ಧ ಮೈ ಗಾಳಿಗೆ. ಇಲ್ಲಿಂದ ಆಚೆ ಗಿಡಗಳ ರಾಜ್ಯ, ಮನೆ ಕಟ್ಟುವವರು ಇಲ್ಲೇ ನಿಲ್ಲಬೇಕು ಎಂದು ಹೇಳುವುದು ನನ್ನ ಕೆಲಸ. ಅಷ್ಟೊಂದು ಜನರಿಗೆ ಅಷ್ಟೊಂದು ಮುಂದಿನ ಮಾತು ಹೇಳುವ ಕೆಲಸ ನನ್ನಂಥವನಿಗೆ ಸಿಕ್ಕಿತಲ್ಲ ಎಂದು ಮೈಯೆಲ್ಲ ಸೆಟೆದು ನಿಂತೆ.

ಒಡಹುಟ್ಟಿದವರು ನಿಲ್ಲಲಿಲ್ಲ. ಒಳ್ಳೆಯ ಚಪ್ಪಟೆ ಕಲ್ಲು ಪುಕ್ಕಟೆ ಸಿಕ್ಕರೆ ಯಾರು ಬಿಟ್ಟಾರು? ಒಬ್ಬ ದನದ ಕೊಟ್ಟಿಗೆಗೆ ಹೋದ, ಒಬ್ಬ ಹಳ್ಳ ದಾಟುವ ಹಾಸುಗಲ್ಲಾದ. ಒಬ್ಬ ಪುರಸಭೆಯ ಮೆಂಬರನ ಹಿತ್ತಲಲ್ಲಿಯೇ ಬಟ್ಟೆ ಒಗೆಯುವ ಕಲ್ಲಾಗಿದ್ದನಂತೆ. ಓಲೇಮಠರು ಹುಡುಕಿಕೊಂಡು ಹೋದಾಗ ಆ ಮನೆಯಾಕೆ, "ಒಯ್ರಿ ಸಾಹೇಬ್ರ, ನಾ ಎಲ್ಲಿ ಬ್ಯಾಡ ಅಂದೆ. ಇದೊಂದೀಟ ಅರಿವಿ ಒಗದ ಮುಗಸ್ತೀನಿ, ತಡೀರಿ" ಎಂದಳಂತೆ. ಅವರು ಬಟ್ಟೆ ಒಗೆದು ಮುಗಿಯುವವರೆಗೆ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಕಲ್ಲು ಹೊರಿಸಿಕೊಂಡು ಬಂದರು. ಮುಂದಿನ ವಾರ ಅದು ಮತ್ತೆ ಇರಲಿಲ್ಲ.

ಒಂದು ಮುಂಜಾನೆ ಅವರು ಮಾಬೂಸಾಬನ ಜೊತೆ ಬಂದರು. ಕೈಯಲ್ಲಿ ನಕ್ಷೆ ಇರಲಿಲ್ಲ. ಹೆಂಡತಿ ನೀಲಗಂಗವ್ವನ ಕುಂಕುಮದ ಕರಡಿಗೆ ಇತ್ತು. ನನಗೆ ನೀರೆರೆದು ತೊಳೆದರು. ಅರಿಸಿನ ಬಳಿದರು. ಉಳಿ ಜಾರಿದ್ದ ಆ ಕುಳಿಗೆ ಕುಂಕುಮ ತುಂಬಿದರು. ಕೊರಳಿಗೆ ಹಳದಿ ದಾರ ಸುತ್ತಿದರು.

"ಕಾಯ್ದೆಕ್ಕ ಯಾರೂ ಅಂಜೂದಿಲ್ಲ ಮಾಬೂ. ಕುಂಕುಮಕ್ಕ ಅಂಜತಾರ."

ಮಾಬೂಸಾಬ ತಲೆಯಾಡಿಸಿದ. "ನನಗೂ ಒಂದೀಟ ಹಚ್ರಿ ಸಾಹೇಬ್ರ. ಮನ್ಯಾಗ ಎಲ್ಲಾರೂ ಕೆಲಸಾ ಹೇಳೇ ಹೇಳತಾರ."

ಓಲೇಮಠರು ನಕ್ಕರು. ಆಮೇಲೆ ನಗು ನಿಲ್ಲಿಸಿದರು. ಹೆದರಿಸುವ ಉಪಾಯವೆಂದು ಬಂದವರಿಗೆ, ಹಚ್ಚಿದ ಮೇಲೆ ಸುಮ್ಮನೆ ಎದ್ದುಹೋಗಲು ಆಗಲಿಲ್ಲ. ಕುಂಕುಮ ಹಚ್ಚಿದ ಕಲ್ಲಿನ ಮುಂದೆ ಕೈಮುಗಿಯದೆ ಹೋಗುವ ಮನೆತನ ಅವರದಲ್ಲ. ಮೊಣಕಾಲೂರಿ ಕಣ್ಣು ಮುಚ್ಚಿದರು. "ಈ ಜಾಗಾ ಕಾಯವ್ವ," ಎಂದರು. ಅದನ್ನು ಮನಸಾರೆ ಅಂದರು. ನನಗೆ ಗೊತ್ತು, ಅವರ ಹಣೆ ನನ್ನ ನೆತ್ತಿಗೆ ತಾಗಿತ್ತು.

ಉಪಾಯ ಫಲಿಸಿತು. ಉಳಿದ ಕಲ್ಲುಗಳೆಲ್ಲ ಹೋದವು, ನಾನು ಉಳಿದೆ. ನೇಗಿಲು ನನ್ನ ಹತ್ತಿರ ಬಂದು ತಿರುಗಿಕೊಂಡಿತು. ಕಸದ ಬಂಡಿ ನನ್ನನ್ನು ನೋಡಿ ಮುಂದೆ ಹೋಯಿತು. ಆ ಧೈರ್ಯದ ಮೇಲೆ ಓಲೇಮಠರು ಬೇವು, ಹೊಂಗೆ, ಒಂದು ಬಸರಿ ಸಸಿ ತರಿಸಿ ಹಚ್ಚಿಸಿದರು. ಬಹಳಷ್ಟು ಸಸಿ ಬಿಸಿಲಿಗೆ ಸತ್ತವು, ಕೆಲವನ್ನು ಆಡು ತಿಂದವು. ನನ್ನ ಸುತ್ತ ಇದ್ದವು ಮಾತ್ರ ಬದುಕಿದವು. ಅಲ್ಲಿಗೆ ಆಡು ಬಿಡಲು ಯಂಕಪ್ಪ ಹೆದರುತ್ತಿದ್ದ. ಅಷ್ಟರಲ್ಲಿ ಓಲೇಮಠರಿಗೆ ವರ್ಗವಾಯಿತು. ಹೋಗುವ ದಿನ ಬಂದು ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟು, "ಕಾಯ್ಕೋತ ಇರು" ಎಂದರು.

ಕಾಯುತ್ತಾ ಇದ್ದೆ. ಮಣ್ಣೊಳಗಿನ ನನ್ನ ಅರ್ಧ ಮೈಗೆ ಬೇರುಗಳು ಬಂದು ತಾಗಿದವು. ಮೊದಲು ಕೂದಲೆಳೆಯಂತೆ, ಆಮೇಲೆ ಹಗ್ಗದಂತೆ. ಮೇಲೆ ನೆರಳು ಹರಡಿತು. ಜನ ಕಾಣುವುದು ನೆರಳನ್ನು. ಅದು ಹೇಗೆ ಬರುತ್ತದೆಂದು ಕೆಳಗಿನಿಂದ ಕಂಡವನು ನಾನು.

ಹೊಲದ ಕೆಲಸಕ್ಕೆ ಹೋಗುವ ಕಾಶವ್ವ ಎಂಬಾಕೆ ಒಂದು ದಿನ ಸುಡುವ ಜ್ವರದ ಮಗಳನ್ನು ಹೆಗಲಿಗೆ ಹಾಕಿಕೊಂಡು ಊರಿನ ಡಾಕ್ಟರ ಹತ್ತಿರ ಹೊರಟಿದ್ದಳು. ನಡೆದು ಸುಸ್ತಾಗಿ ಬೇವಿನ ಕೆಳಗೆ ಕೂಸನ್ನು ಇಳಿಸಿದಳು. ಗಾಳಿ ಬೀಸಿತು. ಕೂಸು ಬೆವರಿತು, ಕಣ್ಣು ತೆರೆದು ನೀರು ಕೇಳಿತು. ಕಾಶವ್ವ ತಲೆಯೆತ್ತಿ ಬೇವನ್ನು ನೋಡಲಿಲ್ಲ. ಅವಳ ಕಣ್ಣು ಬಿದ್ದದ್ದು ಕುಂಕುಮ ತುಂಬಿದ ನನ್ನ ಕುಳಿಯ ಮೇಲೆ. ಬುತ್ತಿಯ ರೊಟ್ಟಿ, ಮೊಸರು ನನ್ನ ಮುಂದೆ ಇಟ್ಟು ಅಡ್ಡಬಿದ್ದಳು. "ಗಾಯರಾಣದವ್ವಾ, ನನ್ನ ಕೂಸಿನ್ನ ಉಳಿಸಿದಿ."

ಆ ಹೆಸರು ನನಗೆ ಇಟ್ಟದ್ದು ಹಾಗೆ. ಅಂದಿನಿಂದ ಮಂಗಳವಾರ ಶುಕ್ರವಾರ ಹೆಂಗಸರು ಬರತೊಡಗಿದರು. ಮಕ್ಕಳಾಗಲಿ ಎಂದರು, ಎಮ್ಮೆ ಹಾಲು ಹೆಚ್ಚು ಕರೆಯಲಿ ಎಂದರು, ಗಂಡ ಕುಡಿಯುವುದು ಬಿಡಲಿ ಎಂದರು. ಅವರ ಭಕ್ತಿ ಸುಳ್ಳೆಂದು ನಾನು ಹೇಗೆ ಹೇಳಲಿ? ಅಷ್ಟು ನಿಜವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಲ್ಲಿನಲ್ಲಿಯೂ ಪರಮಾತ್ಮ ಇದ್ದಾನೆಂಬುದು ಸುಳ್ಳಲ್ಲ. ಬೇವಿನಲ್ಲಿಯೂ ಇದ್ದ. ಅತ್ತ ಯಾರೂ ನೋಡಲಿಲ್ಲ, ಅಷ್ಟೆ.

ಓಲೇಮಠರು ಒಂದು ರಜೆಗೆ ನೀಲಗಂಗವ್ವನನ್ನು ಕರೆದುಕೊಂಡು ಬಂದರು. ಗಿಡಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ನೆರಳು ತಾನು ಕಾಣುವುದಿಲ್ಲ ಎಂದುಕೊಂಡಿದ್ದವರು ಆ ನೆರಳಿನಲ್ಲಿಯೇ ಕೂತು ಹೆಂಡತಿಯ ಜೊತೆ ಬುತ್ತಿ ಬಿಚ್ಚಿದರು. ನನ್ನ ಬಾಳಿನಲ್ಲಿ ಒಳ್ಳೆಯ ದಿನ ಯಾವುದೆಂದು ಕೇಳಿದರೆ ಅದೇ. ಆಗ ಕಾಶವ್ವ ಹೂ ಹಿಡಿದು ಬಂದಳು. ಅವರು ಯಾರೆಂದು ಅವಳಿಗೆ ಗೊತ್ತಿಲ್ಲ.

"ಯಪ್ಪಾ, ಚಪ್ಪಲಿ ಆ ಕಡೆ ಬಿಡ್ರಿ. ಅವ್ವ ಇದ್ದಾಳ."

ನೀಲಗಂಗವ್ವ ಗಂಡನ ಮುಖ ನೋಡಿದಳು, ತುಟಿಯ ಕೊನೆಯಲ್ಲಿ ನಗು. ಓಲೇಮಠರು ಎದ್ದು, ಚಪ್ಪಲಿ ಬಿಚ್ಚಿ, ದೂರ ಇಟ್ಟು ಬಂದರು. ಕಾಶವ್ವ ಹೋದ ಮೇಲೆ ನೀಲಗಂಗವ್ವ, "ಹೇಳಬೇಕಿತ್ತಲ್ಲ" ಎಂದಳು.

"ಹೇಳಿದ್ರ ನಾಳೆ ಕಲ್ಲೂ ಇರೂದಿಲ್ಲ, ಗಿಡಾನೂ ಇರೂದಿಲ್ಲ. ಇರ್ಲಿ ಬಿಡು. ಕಾಯ್ಲಿಕ್ಕತ್ತಾಳಲ್ಲ."

ಊರು ಬಂತು, ಓಲೇಮಠರು ಹೇಳಿದ ಕಾಲಕ್ಕಿಂತ ಮುಂಚೆಯೇ. ಮೊದಲು ರಸ್ತೆ, ಆಮೇಲೆ ಕರೆಂಟಿನ ಕಂಬ, ಆಮೇಲೆ ಬಣ್ಣಬಣ್ಣದ ಮನೆಗಳು. ನನ್ನವರೆಗೆ ಬಂದು ನಿಂತವು. ನನ್ನನ್ನು ಕಂಡು ನಿಂತವು ಎಂದೇ ಅಂದುಕೊಂಡೆ.

ಗುತ್ತಿಗೆದಾರ ಬಸಲಿಂಗಪ್ಪ ಕಡೇಮನಿಗೆ ಏನೋ ಹರಕೆ ಫಲಿಸಿತು. ಆತ ಕೆಟ್ಟವನಲ್ಲ, ನನ್ನೆದುರು ನಿಂತರೆ ಕಣ್ಣಲ್ಲಿ ನೀರು ತರುತ್ತಿದ್ದ. "ಅವ್ವ ಬಿಸಿಲು ಮಳ್ಯಾಗ ನಿಂತಾಳ, ನಾವು ಆರ್‌ಸಿಸಿ ಮನ್ಯಾಗ ಮಲಗತೀವಿ" ಎಂದು ತಗಡಿನ ಚಪ್ಪರ ಹಾಕಿಸಿದ. ಬೇವಿನ ನೆರಳಿನಲ್ಲಿ ನಿಂತಿದ್ದ ನನಗೆ ಬಿಸಿಲೇ ಇರಲಿಲ್ಲ. ತಗಡು ಬಂದ ಮೇಲೆ ಸೆಕೆ ಬಂತು. ಎಲೆ ಉದುರಿ ತಗಡಿನ ಮೇಲೆ ಕೊಳೆಯುತ್ತವೆ, ಹಕ್ಕಿ ಹೊಲಸು ಮಾಡುತ್ತವೆ ಎಂದು ಹತ್ತಿರದ ಬೇವನ್ನು ಕಡಿದರು. ಕಡಿಯುವ ಮುಂಚೆ ಅದಕ್ಕೂ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ತಪ್ಪಾಯಿತೆಂದು ಕೈಮುಗಿದರು. ಆ ದಿನ ನಾನು ಕುಂಕುಮವೆಂದರೇನೆಂದು ಮೊದಲ ಬಾರಿ ಯೋಚಿಸಿದೆ. ನನ್ನನ್ನು ಉಳಿಸಿದ್ದೂ ಅದೇ, ಬೇವಿಗೆ ಹಚ್ಚಿದ್ದೂ ಅದೇ.

ತಗಡು ಹೋಗಿ ಕಟ್ಟಡ ಬಂತು, ಕಟ್ಟಡಕ್ಕೆ ಕಮಿಟಿ ಬಂತು. ಭಕ್ತರಿಗೆ ಊಟಕ್ಕೆ ಕೂರಲು ಪಡಸಾಲೆ, ಕಾಯಿ ಕರ್ಪೂರಕ್ಕೆ ಅಂಗಡಿಸಾಲು, ಮದುವೆಗೆ ಕಲ್ಯಾಣ ಮಂಟಪ, ಗಾಡಿ ನಿಲ್ಲಿಸಲು ಜಾಗ. ಒಂದೊಂದಕ್ಕೂ ಒಂದಿಷ್ಟು ಹೊಂಗೆ, ಒಂದಿಷ್ಟು ಬೇವು ಉರುಳಿದವು. ಯಾರೂ ಕದಿಯಲಿಲ್ಲ, ಯಾರೂ ತಮಗೆಂದು ಕೇಳಲಿಲ್ಲ. ಎಲ್ಲವೂ ಅವ್ವನಿಗೆ. ಬೇರೆಯವರು ಬಂದರೆ ತಡೆಯಬೇಕಾದವನು ನಾನು. ನನ್ನ ಹೆಸರು ಹೇಳಿಕೊಂಡೇ ಬಂದವರನ್ನು ಹೇಗೆ ತಡೆಯಲಿ?

ಬಸರಿ ಗಿಡ ಒಂದು ಉಳಿಯಿತು. ಊರ ಹೆಸರಿನ ಗಿಡವೆಂದು ಅದಕ್ಕೆ ಕಟ್ಟೆ ಕಟ್ಟಿ, ಬುಡದವರೆಗೆ ಸಿಮೆಂಟು ಬಿಗಿದು, ನುಣ್ಣನೆಯ ಟೈಲ್ಸು ಕೂರಿಸಿದರು. ಗಿಡ ಕುಡಿಯುವುದು ಎಲ್ಲಿಂದ ಎಂದು ಯಾರಿಗೂ ಹೊಳೆಯಲಿಲ್ಲ.

ನಕ್ಷೆಯ ಅವಧಿ ಮುಗಿದು ಹೊಸ ನಕ್ಷೆ ಬರೆಯುವ ಕಾಲ ಬಂತು. ಆಕ್ಷೇಪಣೆ ಇದ್ದವರು ಹೇಳಬಹುದೆಂದು ಸಭೆ ಕರೆದರು. ಪುರಸಭೆಯ ಛಾವಣಿ ಸೋರುತ್ತಿತ್ತು. ಸಭೆ ನಮ್ಮ ಕಲ್ಯಾಣ ಮಂಟಪದಲ್ಲಿಯೇ ಸೇರಿತು. ಮೈಕಿನ ಮಾತು ಗರ್ಭಗುಡಿಯವರೆಗೆ ಕೇಳುತ್ತಿತ್ತು.

ಹೊಸ ಅಧಿಕಾರಿ, ಇನ್ನೂ ಎಳೆಯ ಹೆಣ್ಣುಮಗಳು, ನಕ್ಷೆಯನ್ನು ಗೋಡೆಗೆ ಹಾಕಿ ಬಣ್ಣ ವಿವರಿಸಿದಳು. ಹಳೆಯ ನಕ್ಷೆಯ ಹಸಿರು ಈಗ ಕೆಂಪು. ಕೆಂಪೆಂದರೆ ಸಾರ್ವಜನಿಕ ಕಟ್ಟಡಗಳು, ಗುಡಿಗಳು. "ಇರೂದನ್ನ ತೋರಿಸೇವಿ. ಹೊಸದಾಗಿ ಏನೂ ಮಾಡಿಲ್ಲ," ಎಂದಳು. ಗುಡಿಯ ಹಿಂದೆ ಉಳಿದಿದ್ದ ಬಯಲೂ ಕೆಂಪಿನೊಳಗೇ ಸೇರಿತ್ತು. ಅಲ್ಲಿ ಯಾತ್ರಿ ನಿವಾಸ ಬರುವುದಿತ್ತು.

ಆಗ ಹಿಂದಿನ ಕುರ್ಚಿಯಿಂದ ಒಬ್ಬ ಮುದುಕರು ಎದ್ದರಂತೆ. ನನಗೆ ಕಾಣಲಿಲ್ಲ, ದನಿ ಕೇಳಿ ಗುರುತು ಹಿಡಿದೆ. ಕೆಲಸದಿಂದ ಎಂದೋ ನಿವೃತ್ತರಾಗಿ, ನೀಲಗಂಗವ್ವನನ್ನೂ ಕಳೆದುಕೊಂಡು, ಬಸ್ಸು ಹಿಡಿದು ಒಬ್ಬರೇ ಬಂದಿದ್ದರು. ಹಿಂದಿನ ಬಯಲಾದರೂ ಉಳಿದೀತೇ ಎಂಬುದು ಅವರ ಆಸೆ.

"ನಾನು ಚನ್ನವೀರಯ್ಯ ಓಲೇಮಠ. ಹಳೇ ನಕ್ಷೆ ಬರದವ. ಒಳಗ ಇರೂದು ಗಡಿಕಲ್ಲು. ಅದರ ಮ್ಯಾಲ ಉದ್ಯಾನ ಅಂತ ಬರದದ. ಯಾರೂ ಕಿತ್ತಕೊಂಡ ಹೋಗಬಾರದು ಅಂತ ನಾನ ಅದಕ್ಕ ಕುಂಕುಮ ಹಚ್ಚಿದೆ. ದೇವರ ಹೆಸರು ಹೇಳಿ ಜಾಗಾ ಉಳಿಸ್ಲಿಕ್ಕೆ ಹೋದೆ. ತಪ್ಪು ನಂದು. ಹಿಂದಿನ ಬಯಲಷ್ಟಾದ್ರೂ ಹಸರು ಇಡ್ರಿ."

ನಾನು ಕಾದೆ. ಕಲ್ಲೆಂದು ಗೊತ್ತಾದರೆ ಕಿತ್ತೆಸೆಯುತ್ತಾರೇನೋ, ಎಸೆಯಲಿ. ಕಿತ್ತ ಗುಂಡಿಯಲ್ಲಿ ಒಂದು ಸಸಿ ಹಚ್ಚಿದರೆ ಸಾಕು. ನನ್ನ ಆಸೆ ಅಷ್ಟೇ ಆಗಿತ್ತು.

ಕಾಶವ್ವನ ದನಿ ಕೇಳಿತು, ಅವಳೂ ಮುದುಕಿಯಾಗಿದ್ದಳು. "ಅಂದ್ರ ಅವ್ವ ಮೊದ್ಲ ನಿಮ್ಮ ಕೈಯಾಗ ಬಂದಾಳ್ರೀ ಯಪ್ಪಾ?"

"ಬಂದಿಲ್ಲವ್ವ. ನಾನ ತಂದ ನೆಟ್ಟದ್ದು."

"ಅದನ್ನ ಅಂದೆ. ಇಷ್ಟು ಮಂದ್ಯಾಗ ನಿಮ್ಮನ್ನ ಹುಡಿಕ್ಯಾಳಲ್ಲ."

"ಹಂಗಲ್ಲವ್ವ, ನಾ ಹೇಳೂದು…"

ಮುಂದಿನದು ಕೇಳಲಿಲ್ಲ. ಎಲ್ಲರೂ ಒಮ್ಮೆಲೇ ಮಾತಾಡತೊಡಗಿದ್ದರು. ಬಸಲಿಂಗಪ್ಪ ಕಡೇಮನಿ ಮೈಕು ಹಿಡಿದ. "ಇಷ್ಟು ವರ್ಷ ನಮಗ ಮೂಲ ಯಾರಂತ ಗೊತ್ತಿರಲಿಲ್ಲ. ಇವತ್ತ ಅವ್ವನ ಅವರನ್ನ ಕರಿಸ್ಯಾಳ."

ಅವರನ್ನು ನನ್ನ ಮುಂದೆ ಕರೆತಂದರು. ಶಾಲು ಹೊದಿಸಿದರು, ಕೊರಳಿಗೆ ಹಾರ ಹಾಕಿದರು. ಕಾಶವ್ವ ಅವರ ಕಾಲಿಗೆ ಬಿದ್ದಳು, ಅವಳ ಹಿಂದೆ ಮತ್ತಷ್ಟು ಹೆಂಗಸರು ಬಿದ್ದರು. ಓಲೇಮಠರು ಬೇಡವೆಂದು ಕೈ ಅಡ್ಡ ಹಿಡಿದರು, ಜನ ಅದನ್ನು ಆಶೀರ್ವಾದವೆಂದುಕೊಂಡರು. ನನಗೆ ಆಗಲೇ ಬೆಳ್ಳಿಯ ಮುಖವಾಡ ಬಂದಿತ್ತು. ಅವರು ಅದರಾಚೆ ಇರುವ ಉಳಿ ಜಾರಿದ ಕುಳಿಯನ್ನು ಹುಡುಕುವವರಂತೆ ಬಹಳ ಹೊತ್ತು ನೋಡಿದರು. ಅವರಿಗೆ ನಾನು ಕಾಣಲಿಲ್ಲ.

ಹೊರಟಾಗ ಬಾಗಿಲಲ್ಲಿ ಆ ಎಳೆಯ ಅಧಿಕಾರಿ ಅವರನ್ನು ತಡೆದು ಮೆಲ್ಲಗೆ, "ಸರ್, ನಿಮ್ಮ ಮಾತನ್ನ ಆಕ್ಷೇಪಣೆ ಅಂತ ಬರ್ಕೋಳ್ಲೇನ್ರಿ?" ಎಂದು ಕೇಳಿದಳು.

ಅವರು ಹೆಗಲ ಮೇಲಿನ ಶಾಲನ್ನು ಮುಟ್ಟಿ ನೋಡಿಕೊಂಡರು. "ಯಾರ ವಿರುದ್ಧ ಬರಕೋತೀ ತಂಗಿ?" ಎಂದರು.

ಮತ್ತೆ ಅವರು ಬರಲಿಲ್ಲ. ಗುಡಿಯ ಬಾಗಿಲ ಪಕ್ಕದಲ್ಲಿ ಒಂದು ಅಮೃತಶಿಲೆಯ ಹಲಗೆ ಬಂತು. ಮೊದಲ ಪೂಜೆ ಸಲ್ಲಿಸಿದ ಪುಣ್ಯಪುರುಷರೆಂದು ಅದರಲ್ಲಿ ಅವರ ಹೆಸರಿದೆಯಂತೆ. ಪೂಜಾರಿ ಬಂದವರಿಗೆ ಓದಿ ಹೇಳುತ್ತಾನೆ. ಯಾತ್ರಿ ನಿವಾಸ ಎದ್ದಿತು. ಬಸರಿ ಒಂದು ಬೇಸಿಗೆಯಲ್ಲಿ ಎಲೆ ಉದುರಿಸಿತು, ಮತ್ತೆ ಚಿಗುರಲಿಲ್ಲ. ಕಟ್ಟೆ ಹಾಗೆಯೇ ಇದೆ, ಅದರ ಮೇಲೆ ಮದುವೆಯವರು ಜನರೇಟರು ಇಡುತ್ತಾರೆ.

ನನಗೀಗ ವಯಸ್ಸಾಗಿದೆ. ಎಣ್ಣೆ, ಹಾಲು, ಕುಂಕುಮ ಪದರ ಪದರವಾಗಿ ಮೈಗಟ್ಟಿವೆ; ಹಸಿರು ಅಕ್ಷರಗಳು ಅದರಡಿಯಲ್ಲಿ ಎಲ್ಲೋ ಇವೆ. ಮಣ್ಣೊಳಗಿನ ಅರ್ಧ ಮೈಯನ್ನು ಇನ್ನೂ ಬೇರುಗಳು ಸುತ್ತಿಕೊಂಡಿವೆ. ಕಡಿದ ಗಿಡಗಳ ಬೇರುಗಳು. ಮೊದಲೆಲ್ಲ ಮಳೆ ಬಂದಾಗ ತುಸು ಅಲುಗಿದಂತಾಗುತ್ತಿತ್ತು. ಈಗ ಮುಟ್ಟಿದರೆ ಪುಡಿಯಾಗುತ್ತವೆ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕಾಶವ್ವ ಬಂದಳು. ಬೆನ್ನು ಬಾಗಿದೆ. ಅಂಗಳದ ಟೈಲ್ಸು ಹೆಂಚಿನಂತೆ ಕಾದಿತ್ತು. ಚಪ್ಪಲಿ ದೂರ ಬಿಟ್ಟು ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಲು ಹೊರಟವಳು ಅರ್ಧಕ್ಕೇ ನಿಂತಳು. ಒಮ್ಮೆ ಆ ಕಾಲು, ಒಮ್ಮೆ ಈ ಕಾಲು ಎತ್ತುತ್ತ ಸುತ್ತಮುತ್ತ ನೋಡಿದಳು. ಓಡಿಹೋಗಿ ನಿಲ್ಲಲು ಒಂದು ಜಾಗ ಸಿಗಲಿಲ್ಲ. ಹೇಗೋ ಹೊಸ್ತಿಲಿಗೆ ಬಂದು ಚೌಕಟ್ಟು ಹಿಡಿದು ನಿಂತು, ನನ್ನ ಕಡೆ ಕೈಮುಗಿದಳು.

ಮಗಳಿಗಾಗಿ ಬೇಡಿದವಳು, ಮೊಮ್ಮಕ್ಕಳಿಗಾಗಿ ಬೇಡಿದವಳು. ಅಂದು ಬೇಡಿದ್ದು ಒಂದೇ.

"ಗಾಯರಾಣದವ್ವಾ, ಎಲ್ಲಾ ಕೊಟ್ಟೀ. ನಿನ್ನ ಅಂಗಳದಾಗ ಒಂದೀಟ ನೆಳ್ಳು ಕೊಡವ್ವ."

ಬೇರೆ ಯಾವುದನ್ನೂ ಕೊಡುವ ಶಕ್ತಿ ನನಗೆ ಎಂದೂ ಇರಲಿಲ್ಲ. ಅದೊಂದನ್ನು ಕೊಡುವುದಕ್ಕೆಂದೇ ನನ್ನನ್ನು ಇಲ್ಲಿ ನೆಟ್ಟಿದ್ದರು.